ಡಾಕ್ ವಾಟ್ಸನ್ ಮೆಚ್ಚಿ ಗಿಟಾರ್ ಹಿಡಿದವರು ಜಾಮ್‌ಗೆ ಹೋಗಬಹುದಾ?

ನಮಸ್ಕಾರ. ಅಮೆರಿಕದ ನಾರ್ತ್ ಕ್ಯಾರೊಲಿನಾದ ರಾಲಿಗೆ ಬಂದ ಮೇಲೆ, ಅದೇ ರಾಜ್ಯದ ಹೆಸರಾಂತ ಜನಪದ ಗಿಟಾರ್ ವಾದಕ ಡಾಕ್ ವಾಟ್ಸನ್ ಅವರನ್ನು ಕೇಳಿ ಗಿಟಾರ್ ಕಲಿಯುತ್ತಿದ್ದೀರಿ. ಹತ್ತಿರದಲ್ಲೇ ಬ್ಲೂಗ್ರಾಸ್ (ಅಲ್ಲಿನ ತಂತಿವಾದ್ಯಗಳ ಜನಪದ ಶೈಲಿಯ ಸಂಗೀತ) ಜಾಮ್, ಅಂದರೆ ಎಲ್ಲರೂ ಕೂಡಿ ನುಡಿಸುವ ಕೂಟ, ನಡೆಯುತ್ತದೆ, ಆದರೆ ಸೋಲೊ (ಒಬ್ಬರೇ ಮುಂದಾಗಿ ಮಟ್ಟು ನುಡಿಸುವುದು) ಬರುವುದಿಲ್ಲ, ಹೋಗಲು ಭಯ ಅಂತ ಬರೆದಿದ್ದೀರಿ. ಮನೆಯವರು ಕರ್ನಾಟಕ ಸಂಗೀತದ ಪಿಟೀಲು ನುಡಿಸುತ್ತಾರೆ, ಅವರೂ ಬರಬಹುದಾ ಅಂತಲೂ ಕೇಳಿದ್ದೀರಿ.

ಇಬ್ಬರೂ ಹೋಗಿ. ಜಾಮ್‌ನಲ್ಲಿ ಸೋಲೊ ಕಡ್ಡಾಯವಲ್ಲ. ಲಯ ತಪ್ಪದೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುವವರು ಎಲ್ಲರಿಗೂ ಬೇಕು.

ಡಾಕ್ ಅಂದರೆ ಜನ ಅವರ ವೇಗವನ್ನೇ ನೆನೆಯುತ್ತಾರೆ. ಆ ವೇಗದ ಹಿಂದೆ ಇದ್ದದ್ದು ಜೊತೆಯವರ ಅಗತ್ಯ. 1950ರ ದಶಕದಲ್ಲಿ ಅವರು ತಮ್ಮ ಕಡೆಯ ಒಂದು ಡ್ಯಾನ್ಸ್ ಬ್ಯಾಂಡ್‌ನಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದರು. ಬ್ಯಾಂಡಿನಲ್ಲಿ ಫಿಡಲ್, ಅಂದರೆ ಪಿಟೀಲು, ಇರಲಿಲ್ಲ. ಕುಣಿಯುವವರಿಗೆ ಫಿಡಲ್ ಮಟ್ಟುಗಳೇ ಬೇಕು. ಹಾಗಾಗಿ ಅವನ್ನೆಲ್ಲ ಗಿಟಾರ್ ಮೇಲೆ ಕೂರಿಸಿದರು. ಎಳೆಯ ಮಗುವಾಗಿದ್ದಾಗಲೇ ದೃಷ್ಟಿ ಹೋಗಿತ್ತು, ಕಲಿತದ್ದೆಲ್ಲ ಕಿವಿಯಿಂದ. 1964ರಿಂದ ಮಗ ಮರ್ಲ್ ಕೂಡ ಅವರ ಜೊತೆಗೆ ನುಡಿಸಿದ. 1985ರಲ್ಲಿ ಟ್ರ್ಯಾಕ್ಟರ್ ಅಪಘಾತದಲ್ಲಿ ಆತ ತೀರಿಕೊಂಡ. ಅವನ ನೆನಪಿಗೆ 1988ರಲ್ಲಿ ವಿಲ್ಕ್ಸ್‌ಬರೋದಲ್ಲಿ ಶುರುವಾದ ಮರ್ಲ್‌ಫೆಸ್ಟ್ ಸಂಗೀತೋತ್ಸವ ಈಗ ಅಪ್ಪ ಮಗ ಇಬ್ಬರ ನೆನಪೂ ಆಗಿದೆ. ಡಾಕ್ 2012ರಲ್ಲಿ ಹೋದರು. ಬೂನ್ ಪಟ್ಟಣದಲ್ಲಿ ಅವರ ಪ್ರತಿಮೆ ಇದೆ. ಅವರೇ ಕೇಳಿಕೊಂಡಂತೆ ಅದರ ಮೇಲೆ ‘ಜನರಲ್ಲಿ ಒಬ್ಬ’ ಎಂಬರ್ಥದ ಮಾತು ಬರೆಸಿದ್ದಾರೆ. ನನಗೆ ಅವರ ಬಗ್ಗೆ ಪ್ರೀತಿ ಹೆಚ್ಚಿದ್ದೇ ಆ ಮಾತಿನಿಂದ.

ಈಗ ಜಾಮ್ ವಿಷಯ. ಎಲ್ಲರೂ ಸುತ್ತ ಕೂರುತ್ತಾರೆ. ಸರದಿ ಬಂದವರು ಹಾಡಿನ ಹೆಸರು, ಕೀ (ನಮ್ಮ ಆಧಾರ ಶ್ರುತಿಯಂತೆ) ಹೇಳಿ ಶುರು ಮಾಡುತ್ತಾರೆ. ಆಮೇಲೆ ಸೋಲೊ ಒಬ್ಬರಿಂದ ಒಬ್ಬರಿಗೆ ಸಾಗುತ್ತದೆ. ನಿಮ್ಮ ಕಡೆ ನೋಡಿದಾಗ ಬೇಡವೆಂದು ತಲೆಯಾಡಿಸಿದರೆ ಸಾಕು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಹಾಡುವಾಗ, ಬೇರೆಯವರ ಸೋಲೊ ನಡೆಯುವಾಗ ನಿಮ್ಮ ಸದ್ದು ಇಳಿಸಿ. ಅವರ ಸ್ವರ ನಿಮಗೆ ಕೇಳಿಸುತ್ತಿಲ್ಲ ಅಂದರೆ ನೀವು ಜೋರಾಗಿದ್ದೀರಿ ಅಂತಲೇ ಅರ್ಥ. ಮುಗಿಸುವಾಗ ಶುರು ಮಾಡಿದವರು ಕಾಲು ಎತ್ತುತ್ತಾರೆ, ಅದರ ಮೇಲೆ ಕಣ್ಣಿರಲಿ.

ಮೊದಲು ಜಿ, ಸಿ, ಡಿ ಕಾರ್ಡ್‌ಗಳನ್ನು ನೋಡದೆ ಬದಲಿಸಲು ಕಲಿಯಿರಿ. ಮೊದಲ ಪೆಟ್ಟಿಗೆ ದಪ್ಪ ತಂತಿ, ಎರಡನೆಯದಕ್ಕೆ ಮೇಲಿನಿಂದ ಕೆಳಗೆ ಸವರುವುದು, ಇಷ್ಟೇ. ಬೇಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ಇದ್ದರೆ ಅದರ ಜೊತೆ ನಡೆಯಿರಿ, ಮ್ಯಾಂಡೊಲಿನ್ ಎಡೆಪೆಟ್ಟಿಗೆ ‘ಚಕ್’ ಅನ್ನುತ್ತದೆ. ಇವೆರಡರ ನಡುವೆ ನಿಮ್ಮ ಗಿಟಾರ್ ಸರಿಯಾಗಿ ಕೂತಾಗ ಸಿಗುವ ಖುಷಿ ಮನೆಯಲ್ಲಿ ಒಬ್ಬರೇ ಎಷ್ಟು ನುಡಿಸಿದರೂ ಸಿಗುವುದಿಲ್ಲ. ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್), ಟ್ಯೂನರ್ (ಶ್ರುತಿ ನೋಡುವ ಸಾಧನ) ಮರೆಯಬೇಡಿ. ಕ್ಯಾಪೊ ಎರಡನೇ ಫ್ರೆಟ್‌ಗೆ ಹಾಕಿದರೆ ಜಿ ಹಿಡಿತಗಳೇ ಎ ಕೀ ಆಗುತ್ತವೆ.

ಮನೆಯವರ ಪಿಟೀಲಿನ ವಿಷಯ ಇನ್ನೂ ಸಂತೋಷದ್ದು. ನಮ್ಮಲ್ಲಿ ಸ-ಪ-ಸ-ಪ ಶ್ರುತಿ ಮಾಡುತ್ತೇವಲ್ವಾ? ಇಲ್ಲಿನ ಹಳೆಯ ಫಿಡಲ್‌ನವರೂ ಎ ಕೀಯ ಮಟ್ಟುಗಳಿಗೆ ಎ-ಇ-ಎ-ಇ ಅಂತ ತಂತಿ ಕಟ್ಟುತ್ತಾರೆ, ಅದೂ ಸ-ಪ-ಸ-ಪ ತಾನೇ! ಷಡ್ಜವನ್ನು ಎ‌ಗೆ ಇಟ್ಟು ಹೋಗಲಿ. ಜಾಸ್ತಿ ಬಿಗಿದರೆ ಹಳೆಯ ತಂತಿ ಹರಿಯಬಹುದು, ಹೊಸದು ಹಾಕಿಸಿ. ‘ಓಲ್ಡ್ ಜೋ ಕ್ಲಾರ್ಕ್’ ಅನ್ನೋ ಹಳೆಯ ಜನಪದ ಮಟ್ಟು ಜಾಮ್‌ಗಳಲ್ಲಿ ಆಗಾಗ ಬರುತ್ತದೆ. ಅದರ ಸ್ವರಗಳು ಹರಿಕಾಂಭೋಜಿಯವು. ಗಮಕ ಕಡಿಮೆ ಮಾಡಿ, ಬಿಲ್ಲಿನ ಲಯ ಜಾಸ್ತಿ ಹಿಡಿದರೆ ಅವರಿಗೆ ಬೇಗ ಒಗ್ಗುತ್ತದೆ. ಮೊದಲ ಸಲ ಇಬ್ಬರೂ ಆ ಒಂದನ್ನೇ ನಿಧಾನಕ್ಕೆ ಕೇಳಿ ನುಡಿಸಿ ಬನ್ನಿ, ಹೇಗಾಯ್ತು ಅಂತ ಇಲ್ಲಿ ಬರೆಯಿರಿ.