ಬಾಗುವ ಮೊದಲೇ ತೀರ್ಮಾನ ಆಗಿರಲಿ

ಪ್ರಶ್ನೆ: ಸರ್, ನನಗೆ 27 ವರ್ಷ. ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ. ರಜೆ ಸಿಕ್ಕಾಗ ಬಳ್ಳಾರಿಗೆ ಬಂದು ಸ್ನೂಕರ್ ಆಡುತ್ತೇನೆ. ಒಬ್ಬನೇ ಆಡುವಾಗ ಸ್ಪಾಟ್ (ಟೇಬಲ್ ಮೇಲೆ ಅದಕ್ಕಿರುವ ಗುರುತು) ಮೇಲಿನ ಬ್ಲ್ಯಾಕ್, ಅಂದರೆ ಕಪ್ಪು ಚೆಂಡು, ಹತ್ತಕ್ಕೆ ಎಂಟು ಸಲ ಪಾಕೆಟ್‌ಗೆ ಬೀಳುತ್ತದೆ. ಗೆಳೆಯರ ಜೊತೆ ಫ್ರೇಮ್ (ಒಂದು ಸುತ್ತಿನ ಆಟ) ಶುರುವಾದರೆ ಅದೇ ಬ್ಲ್ಯಾಕ್ ಪಾಕೆಟ್ ಬಾಯಲ್ಲಿ ಕುಣಿದು ಆಚೆ ಬರುತ್ತದೆ. ಪ್ರತಿ ಶಾಟ್‌ಗೂ ಮುಂಚೆ ಒಂದೇ ಕ್ರಮ ಇರಬೇಕು ಅಂತಾರೆ. ಕ್ಯೂ ಕೋಲಿನ ತುದಿಗೆ ಮೂರು ಸಲ ಚಾಕ್ ಹಚ್ಚಿ, ಹೊಡೆಯುವ ಮುಂಚೆ ನಾಲ್ಕು ಸಲ ಕ್ಯೂ ಹಿಂದೆ ಮುಂದೆ ಆಡಿಸಿ ನೋಡಿದೆ. ಏನೂ ಬದಲಾಗಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೊದಲು ಚಾಕ್ ಎಣಿಸುವುದನ್ನು ಬಿಡಿ. ಅದು ಮಡಿ ಆಯಿತು, ಕ್ರಮ ಆಗಲಿಲ್ಲ.

ಒಬ್ಬರೇ ಇದ್ದಾಗ ಚೆಂಡು ಬೀಳುತ್ತದೆ ಅಂದರೆ ನಿಮ್ಮ ಕೈ ಸರಿ ಇದೆ. ಕೈಗೆ ಹೋಗುವ ಹುಕುಂನಲ್ಲೇ ಗೊಂದಲ. ಅಭ್ಯಾಸದಲ್ಲಿ ಅದೇ ಬ್ಲ್ಯಾಕ್, ಅದೇ ಪಾಕೆಟ್. ತೀರ್ಮಾನ ಮಾಡುವುದಕ್ಕೆ ಏನೂ ಇಲ್ಲ. ಫ್ರೇಮ್‌ನಲ್ಲಿ ಹಾಗಲ್ಲ. ಮುಂದಿನ ರೆಡ್ (ಕೆಂಪು ಚೆಂಡು) ಯಾವುದು? ಕ್ಯೂನಿಂದ ಹೊಡೆಯುವ ಬಿಳಿ ಚೆಂಡನ್ನು ಹಿಂದಕ್ಕೆ ಎಳೆಯಲಾ, ಅಲ್ಲೇ ನಿಲ್ಲಿಸಲಾ? ಈ ಪ್ರಶ್ನೆ ಹೊತ್ತುಕೊಂಡೇ ನೀವು ಬಾಗುತ್ತಿದ್ದೀರಿ. ಕೈ ಕೊನೇ ಗಳಿಗೆಯಲ್ಲಿ ಅನುಮಾನ ಪಡುತ್ತದೆ.

ಆ ಅನುಮಾನದ ಬೆಲೆ ಎಷ್ಟು ಗೊತ್ತಾ? ಸ್ನೂಕರ್ ಚೆಂಡಿನ ಅಗಲ 52.5 ಮಿಲಿಮೀಟರ್. ಬ್ಲ್ಯಾಕ್ ಸ್ಪಾಟ್‌ನಿಂದ ಮೂಲೆ ಪಾಕೆಟ್‌ಗೆ ಸುಮಾರು ಮೂರಡಿ. ನೇರ ಶಾಟ್‌ನಲ್ಲೇ ಬಿಳಿ ಚೆಂಡು ಒಂದು ಮಿಲಿಮೀಟರ್ ಪಕ್ಕಕ್ಕೆ ತಾಗಿದರೂ, ಪಾಕೆಟ್ ತಲುಪುವಷ್ಟರಲ್ಲಿ ಬ್ಲ್ಯಾಕ್ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್ ಸರಿದಿರುತ್ತದೆ. ಪಾಕೆಟ್ ಬಾಯಿ ಸುಮಾರು ಮೂರೂವರೆ ಇಂಚು. ಚೆಂಡಿನ ಒಂದೊಂದು ಪಕ್ಕಕ್ಕೆ ಉಳಿಯುವ ಜಾಗವೂ ಎರಡು ಸೆಂಟಿಮೀಟರ್ ಒಳಗೇ. ನಿಮ್ಮ ಬ್ಲ್ಯಾಕ್ ಕುಣಿಯುವುದು ಅದಕ್ಕೇ.

ಹಾಗಾಗಿ ಯೋಚನೆಯೆಲ್ಲ ನಿಂತೇ ಮುಗಿಯಲಿ. ಶಾಟ್‌ನ ಗೆರೆಯ, ಅಂದರೆ ಬಿಳಿ ಚೆಂಡು ಹೋಗಬೇಕಾದ ದಾರಿಯ, ಹಿಂದೆ ನಿಲ್ಲಿ. ಚೆಂಡು ಯಾವ ಕಡೆ, ಎಷ್ಟು ವೇಗ, ಬಿಳಿ ಎಲ್ಲಿ ನಿಲ್ಲಬೇಕು, ಇಷ್ಟು ನೋಡಿ. ಚಾಕ್ ಹಚ್ಚುವುದೂ ಈ ಹೊತ್ತಲ್ಲೇ, ಎಷ್ಟು ಸಲ ಅನ್ನುವುದು ಮುಖ್ಯವಲ್ಲ. ನಮ್ಮ ಬಳ್ಳಾರಿ ಬಿಸಿಲಲ್ಲಿ ಬ್ರಿಡ್ಜ್ ಕೈ (ಟೇಬಲ್ ಮೇಲೆ ಕ್ಯೂಗೆ ಆಸರೆ ಕೊಡುವ ಕೈ) ಬೆವರಿ ಕ್ಯೂ ಅಂಟುತ್ತದಲ್ವಾ, ಕೈ ಒರೆಸುವುದನ್ನೂ ಇಲ್ಲಿಗೇ ಸೇರಿಸಿಕೊಳ್ಳಿ. ಆಮೇಲೆ ಬಲಗೈಯವರಾದರೆ ಬಲಗಾಲನ್ನು ಗೆರೆ ಮೇಲಿಟ್ಟು, ತಲೆ ಗೆರೆ ಬಿಡದಂತೆ ನೇರ ಕೆಳಗಿಳಿಯಿರಿ. ಪಕ್ಕದಿಂದ ಜಾರಿ ಬಂದು ಸರಿ ಮಾಡಿಕೊಳ್ಳುವವರೇ ಜಾಸ್ತಿ.

ಬಾಗಿದ ಮೇಲೆ ಮನಸ್ಸು ಬದಲಾಯಿತಾ? ಎದ್ದುಬಿಡಿ. ಇದೊಂದು ಕಲಿತರೆ ನಿಮ್ಮ ಅರ್ಧ ಕಷ್ಟ ಹೋಗುತ್ತದೆ ಅನ್ನುವುದು ನನ್ನ ಲೆಕ್ಕ. ಆದರೆ ಎಲ್ಲರಿಗೂ ಕಷ್ಟವಾಗುವುದೂ ಇದೇ. ಸುತ್ತ ನಾಲ್ಕು ಜನ ನೋಡುತ್ತಿರುತ್ತಾರೆ, ಎದ್ದರೆ ನಗುತ್ತಾರೇನೋ ಅಂತ ಸುಮ್ನೆ ಹೊಡೆದುಬಿಡುತ್ತೇವೆ. ನಾನೂ ಹಾಗೆ ಎಷ್ಟೋ ಫ್ರೇಮ್ ಕೊಟ್ಟಿದ್ದೇನೆ.

ಕ್ಯೂ ಎರಡು ಸಲ ಆಡಿಸಿ, ನಾಲ್ಕು ಸಲ ಆಡಿಸಿ, ಆದರೆ ದಿನಾ ಅಷ್ಟೇ ಇರಲಿ. ಕೊನೆಯಲ್ಲಿ ಟಿಪ್, ಅಂದರೆ ಕ್ಯೂ ತುದಿ, ಬಿಳಿ ಚೆಂಡಿನ ಹತ್ತಿರ ಪೂರ್ತಿ ನಿಲ್ಲಲಿ. ಆ ನಿಲುಗಡೆಯಲ್ಲೇ ಕಣ್ಣು ಬಿಳಿಯಿಂದ ಬ್ಲ್ಯಾಕ್‌ಗೆ ಹೋಗಲಿ, ಅಲ್ಲೇ ಇರಲಿ. ಕ್ಯೂ ನಿಧಾನ ಹಿಂದಕ್ಕೆ, ಒಂಚೂರು ತಡೆದು, ನೇರ ಮುಂದಕ್ಕೆ. ಚೆಂಡು ಬೀಳುವ ತನಕ ತಲೆ ಎತ್ತಬೇಡಿ.

ಕ್ರಮ ಅಂದರೆ ತಡ ಮಾಡುವುದು ಅಂದುಕೊಳ್ಳಬೇಡಿ. 1997ರಲ್ಲಿ ಇಂಗ್ಲೆಂಡಿನ ಆಟಗಾರ ರಾನಿ ಓ'ಸಲಿವನ್ 147 ಬ್ರೇಕ್ (ಒಂದೇ ಸರದಿಯಲ್ಲಿ ಎಲ್ಲ ಚೆಂಡು ಹಾಕಿ 147 ಅಂಕ) ಮುಗಿಸಿದ್ದು 5 ನಿಮಿಷ 8 ಸೆಕೆಂಡಿನಲ್ಲಿ. 36 ಚೆಂಡು, ಒಂದೊಂದಕ್ಕೆ ಒಂಬತ್ತು ಸೆಕೆಂಡೂ ಇಲ್ಲ.

ಬ್ಲ್ಯಾಕ್ ಅನ್ನು ಇಪ್ಪತ್ತು ಸಲ ಸ್ಪಾಟ್ ಮೇಲಿಟ್ಟು ಅಭ್ಯಾಸ ಮಾಡಿ. ಎಷ್ಟು ಬಿತ್ತು ಅಂತ ಬರೆಯಬೇಡಿ, ಎಷ್ಟು ಸಲ ಟಿಪ್ ನಿಂತಿತು ಅಂತ ಬರೆಯಿರಿ. ಟೇಬಲ್ ಸಿಗದ ದಿನ ರೂಮಿನಲ್ಲಿ ಖಾಲಿ ಬಾಟಲಿ ಮಲಗಿಸಿ, ಅದರ ಬಾಯೊಳಗೆ ಕ್ಯೂ ತಾಗದಂತೆ ಆಡಿಸಿ. ರಾತ್ರಿ ಪಾಳಿ ಮುಗಿಸಿ ನೇರ ಟೇಬಲ್‌ಗೆ ಮಾತ್ರ ಬರಬೇಡಿ. ಮೊದಲು ನಿದ್ದೆ ಮಾಡಿ, ಆಮೇಲೆ ಒಗ್ಗರಣೆ ಮಿರ್ಚಿ ತಿನ್ನಿ. ಎಣ್ಣೆ ಕೈ ತೊಳೆದುಕೊಂಡು ಕ್ಯೂ ಹಿಡಿಯಿರಿ.