ಪದ ಪ್ರಶ್ನೆ: 'ಖೆಮಿಯೊ' ಸರಿಯೋ, 'ಕೆಮಿಯೊ' ಸರಿಯೋ?

ಪ್ರಶ್ನೆ: ಎಸ್ಪೆರಾಂಟೊ ಎಂಬ ಕೃತಕ ಭಾಷೆ ಕಲಿಯುತ್ತಿದ್ದೇನೆ. ರಸಾಯನ ವಿಜ್ಞಾನಕ್ಕೆ ಹಳೆಯ ಪದಪಟ್ಟಿಯಲ್ಲಿ 'ಖೆಮಿಯೊ' ಎಂದಿದೆ, ಈಗಿನ ನಿಘಂಟಿನಲ್ಲಿ 'ಕೆಮಿಯೊ'. ಯಾವುದು ಸರಿ ಸಾರ್? ಇದು ಇಂಗ್ಲಿಷಿನಿಂದ ಬಂದ ಪದವೇ?
— ಓದುಗರೊಬ್ಬರು, ಹಾಸನ

ಉತ್ತರ: ಇಂಗ್ಲಿಷಿನ ಗೊಡವೆ ಬೇಡ. ಎಸ್ಪೆರಾಂಟೊ ಕಟ್ಟಿದ ಜಾಮೆನ್‌ಹೋಫ್ ಕಣ್ಣಿನ ಡಾಕ್ಟರು. ಹುಟ್ಟಿದ್ದು ಆಗ ರಷ್ಯದ ಆಳ್ವಿಕೆಯಲ್ಲಿದ್ದ ಬಿಯಾಲಿಸ್ಟೋಕ್‌ನಲ್ಲಿ, ಮೊದಲ ಪುಸ್ತಕ ತಂದದ್ದು 1887ರಲ್ಲಿ, ವಾರ್ಸಾದಿಂದ. ಅವರ ಸುತ್ತಲಿನ ರಷ್ಯನ್ನರು 'ಖಿಮಿಯಾ' ಅನ್ನುತ್ತಿದ್ದರು, ಪೋಲಿಷರು 'ಖೆಮ್ಯಾ'. ಹಾಗಾಗಿ ಅವರ ಕಿವಿಗೆ 'ಖೆಮಿಯೊ' ಸಹಜವಾಗಿಯೇ ಹೊಂದಿತು. ಕೊನೆಯ 'ಒ' ನಾಮಪದದ ಗುರುತು, ಅಷ್ಟೇ.

ಇಲ್ಲಿ 'ಖ' ಎಂದು ಬರೆದದ್ದು ನಮ್ಮ ಅನುಕೂಲಕ್ಕೆ. ಉರ್ದು ಬಲ್ಲವರು 'ಖಬರ್' ಅನ್ನುವಾಗ ನಾಲಗೆಯ ಬುಡದಲ್ಲಿ ಗಾಳಿ ಉಜ್ಜಿಕೊಂಡು ಬರುತ್ತದಲ್ಲ, ಆ ಸದ್ದು. ಎಸ್ಪೆರಾಂಟೊದಲ್ಲಿ ಅದನ್ನು ಟೋಪಿ ಹಾಕಿದ ಎಚ್ ಅಕ್ಷರದಿಂದ ಬರೆಯುತ್ತಾರೆ. ಟೋಪಿಯ ಅಚ್ಚುಮೊಳೆ ಇಲ್ಲದ ಮುದ್ರಣಾಲಯಗಳು ಎರಡು ಎಚ್ ಜೋಡಿಸಬಹುದೆಂದು ಆ ಭಾಷೆಯ ಮೂಲ ನಿಯಮಗ್ರಂಥವಾದ 1905ರ 'ಫುಂಡಮೆಂಟೊ' ಅನುಮತಿ ಕೊಟ್ಟಿತು. ಹಾಗೆ ಅಚ್ಚಾದ ಪದ ನೋಡಿದರೆ ಓದುವ ಮೊದಲೇ ಕೆಮ್ಮು ಬರುತ್ತದೆ! ಫ್ರೆಂಚರಿಗೂ ಇಂಗ್ಲಿಷರಿಗೂ ಈ ಸದ್ದು ಒಗ್ಗದು. ಬಳಕೆಯಲ್ಲಿ 'ಕ' ನಿಧಾನವಾಗಿ ಗೆದ್ದಿತು. ನಾವೂ 'ತಾರೀಖ್' ಅನ್ನು 'ತಾರೀಕು' ಮಾಡಿಕೊಂಡವರೇ ತಾನೆ?

ಇನ್ನೂ ಹಿಂದಕ್ಕೆ ಹೋದರೆ ಅರಬ್ಬಿಯ 'ಅಲ್-ಕೀಮಿಯಾ', ಅದರ ಹಿಂದೆ ಗ್ರೀಕ್. ಅದಕ್ಕೂ ಆಚೆ ಜಗಳ: ಈಜಿಪ್ಟಿನ ಹಳೆಯ ಹೆಸರಿನಿಂದ, ಅಂದರೆ 'ಕಪ್ಪು ನೆಲ'ದಿಂದ ಬಂತೆಂದು ಕೆಲವರು, ಲೋಹ ಕರಗಿಸಿ ಎರೆಯುವುದಕ್ಕಿದ್ದ ಗ್ರೀಕ್ ಮಾತಿನಿಂದ ಬಂತೆಂದು ಕೆಲವರು. ನನ್ನ ಒಲವು ಎರಡನೆಯದರ ಕಡೆಗೆ. ಕುಲುಮೆಯ ಮುಂದೆ ಕೂತವರ ವಿದ್ಯೆಗೆ ಕುಲುಮೆಯ ಮಾತೇ ಹೆಸರಾಗುವುದು ಹೆಚ್ಚು ನಂಬುವಂತಿದೆ.

ಹಳೆಯ ರೂಪವನ್ನು ತಪ್ಪೆನ್ನುವಂತಿಲ್ಲ. 'ಫುಂಡಮೆಂಟೊ'ದ ಪದವನ್ನು ಕಿತ್ತುಹಾಕುವಂತಿಲ್ಲ, ಪಕ್ಕದಲ್ಲಿ ಹೊಸದು ಬೆಳೆಯಬಹುದು, ಹಳೆಯದು ತಾನಾಗಿ ಹಿಂದೆ ಸರಿಯಬಹುದು ಎಂಬುದು ಅಲ್ಲಿನ ಪದ್ಧತಿ. ನೀವು 'ಕೆಮಿಯೊ' ಎಂದೇ ಬರೆಯಿರಿ. ಆದರೆ ಆ ಉಜ್ಜುವ ಸದ್ದು ಕಂಡಲ್ಲೆಲ್ಲ 'ಕ' ಮಾಡಲು ಹೋಗಬೇಡಿ. ಸಮೂಹಗಾನದವರು 'ಖೋರೊ', ಹೃದಯ 'ಕೋರೊ'. ಇವೆರಡು ಇನ್ನೂ ಬೇರೆಬೇರೆಯಾಗಿಯೇ ಇವೆ.