ಲೆನ್ಸಿನ ಮುಂದೆ ಇನ್ನೊಂದು ಗಾಜು ಬೇಕೇ?

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಫಿಲ್ಟರುಗಳದ್ದೇ. ಲೆನ್ಸ್ ಬಗ್ಗೆ ಕೇಳಿದವರೂ ಕೊನೆಗೆ ‘ಅದಕ್ಕೆ ಯಾವ ಫಿಲ್ಟರ್ ಹಾಕಲಿ?’ ಎಂದು ಬಾಲ ಸೇರಿಸಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಕ್ಯಾಮೆರಾ ಕೊಂಡ ದಿನವೇ ಅಂಗಡಿಯವರು ಲೆನ್ಸಿಗೆ ಯುವಿ ಫಿಲ್ಟರ್ ಹಾಕಿಕೊಟ್ಟರು. ಹಗಲಿನ ಚಿತ್ರಗಳು ಚೆನ್ನಾಗಿವೆ. ರಾತ್ರಿ ಬೀದಿದೀಪಗಳ ಚಿತ್ರ ತೆಗೆದರೆ ಆಕಾಶದಲ್ಲಿ ಹಸಿರು ಚುಕ್ಕಿಗಳು ತೇಲುತ್ತವೆ. ಲೆನ್ಸ್ ದೋಷವೇ?

ಲೆನ್ಸನ್ನು ಬೈಯಬೇಡಿ, ಅದರ ಮುಂದಿರುವ ಗಾಜನ್ನು ಬಿಚ್ಚಿಡಿ. ಅದೇ ಜಾಗದಲ್ಲಿ ನಿಂತು ಫಿಲ್ಟರ್ ಹಾಕಿ ಒಂದು, ತೆಗೆದು ಒಂದು ಚಿತ್ರ ಕ್ಲಿಕ್ಕಿಸಿ. ಎರಡನೆಯದರಲ್ಲಿ ಚುಕ್ಕಿಗಳು ಬಹುಪಾಲು ಮಾಯವಾಗಿರುತ್ತವೆ.

ಆಗುವುದಿಷ್ಟು. ದೀಪದ ಪ್ರಖರ ಬೆಳಕು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿಗೆ ಬಿದ್ದು, ಅದರ ಮೇಲಿನ ಹೊಳಪು ಗಾಜಿನಿಂದ ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ. ಲೆನ್ಸಿನ ಮೂಲಕ ಹೊರಗೆ ಹೊರಟ ಆ ಬೆಳಕಿಗೆ ಫಿಲ್ಟರಿನ ಚಪ್ಪಟೆ ಗಾಜು ಕನ್ನಡಿಯಂತೆ ಅಡ್ಡ ಬರುತ್ತದೆ, ಬೆಳಕು ಮತ್ತೆ ಒಳಗೆ ಮರಳುತ್ತದೆ. ಗುರುತು ಹಿಡಿಯುವುದು ಸುಲಭ: ದೀಪ ಚಿತ್ರದ ಬಲಮೇಲ್ಮೂಲೆಯಲ್ಲಿದ್ದರೆ ಅದರ ಪ್ರತಿಬಿಂಬ ಎಡಕೆಳಮೂಲೆಯಲ್ಲಿ, ತಲೆಕೆಳಗಾಗಿ, ನಡುಬಿಂದುವಿನಿಂದ ಅಷ್ಟೇ ದೂರದಲ್ಲಿರುತ್ತದೆ. ಲೇಪನವಿಲ್ಲದ ಗಾಜು ಒಂದೊಂದು ಮೈಯಲ್ಲೂ ಸುಮಾರು 4 ಶೇಕಡ ಬೆಳಕನ್ನು ಪುಟಿಸುತ್ತದೆ. ಒಳ್ಳೆಯ ಬಹುಪದರ ಲೇಪನವಿದ್ದರೆ ಇದು ಅರ್ಧ ಶೇಕಡಕ್ಕೂ ಕೆಳಗಿಳಿಯುತ್ತದೆ. ಉಚಿತವಾಗಿ ಸಿಕ್ಕ ಫಿಲ್ಟರಿಗೆ ಅಂಥ ಲೇಪನ ಇರುವುದು ಅಪರೂಪ.

ಹಾಗಾದರೆ ಯುವಿ ಫಿಲ್ಟರ್ ಯಾಕೆ ಬಂತು? ಫಿಲ್ಮಿಗೆ ಕಣ್ಣಿಗೆ ಕಾಣದ ನೇರಳಾತೀತ (ಯುವಿ) ಕಿರಣವೂ ಕಾಣುತ್ತಿತ್ತು. ಎತ್ತರದ ಬೆಟ್ಟಗಳಲ್ಲಿ ದೂರದ ದೃಶ್ಯಗಳಿಗೆ ನೀಲಿ ಮಬ್ಬು ಬಡಿಯುತ್ತಿತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಸೆನ್ಸರಿನ ಮುಂದೆಯೇ ಆ ಕಿರಣಗಳನ್ನು ತಡೆಯುವ ಗಾಜು ಇರುತ್ತದೆ. ಕೆಲಸ ಹೋಯಿತು, ಹೆಸರು ಉಳಿಯಿತು. ಈಗ ಅದನ್ನು ಮಾರುವುದು ‘ಲೆನ್ಸಿನ ರಕ್ಷಣೆಗೆ’ ಎಂದು.

ರಕ್ಷಣೆಯ ಮಾತಿಗೂ ಮಿತಿಯಿದೆ. ಕಡಲ ತುಂತುರು, ಹಾರುವ ಮರಳು, ಕೆಸರು ಎರಚುವ ಓಟದ ಮೈದಾನ, ಇಂಥ ಕಡೆ ಹಾಕಿಕೊಳ್ಳಿ. ನೀರು ನಿರೋಧಕವೆಂದು ಹೇಳುವ ಕೆಲವು ಲೆನ್ಸುಗಳಿಗೆ ಮುಂದೊಂದು ಫಿಲ್ಟರ್ ಇದ್ದರೆ ಮಾತ್ರ ಆ ರಕ್ಷಣೆ ಪೂರ್ತಿಯಾಗುತ್ತದೆ. ಅದು ಕೈಪಿಡಿಯಲ್ಲಿ ಬರೆದಿರುತ್ತದೆ. ಆದರೆ ‘ಲೆನ್ಸ್ ಬಿತ್ತು, ಫಿಲ್ಟರ್ ಒಡೆಯಿತು, ಲೆನ್ಸ್ ಉಳಿಯಿತು’ ಎಂಬ ಕತೆಯನ್ನು ನಾನು ಪೂರ್ತಿ ನಂಬುವುದಿಲ್ಲ. ನನ್ನದೂ ಒಂದು ಹಾಗೆ ಬಿದ್ದಿತ್ತು. ತೆಳು ಗಾಜು ಚೂರಾಗಿ, ಆ ಚೂರುಗಳೇ ಒಳಗಿನ ಗಾಜಿನ ಮೇಲೆ ಗೀರೆಳೆದಿದ್ದವು. ಮುಂಭಾಗದ ದಪ್ಪ ಗಾಜು ಬಹುಶಃ ಆ ಪೆಟ್ಟನ್ನು ತಾನೇ ತಡೆದುಕೊಳ್ಳುತ್ತಿತ್ತು. ಅಂದಿನಿಂದ ಲೆನ್ಸ್ ಹುಡ್ (ಲೆನ್ಸಿನ ತುದಿಗೆ ಹಾಕುವ ಕೊಳವೆಯಂಥ ಮರೆ) ಬಳಸುತ್ತಿದ್ದೇನೆ. ಪೆಟ್ಟನ್ನೂ ಅದು ಹೊರುತ್ತದೆ, ಪಕ್ಕದಿಂದ ನುಗ್ಗುವ ಬಿಸಿಲನ್ನೂ ತಡೆಯುತ್ತದೆ.

ಪ್ರಶ್ನೆ: ಪೋಲರೈಸರ್ ಕೊಂಡೆ. ಒಂದು ದಿನ ಆಕಾಶ ಕಡುನೀಲಿಯಾಗಿ ಬಂತು, ಮರುದಿನ ಎಷ್ಟು ತಿರುಗಿಸಿದರೂ ಏನೂ ಆಗಲಿಲ್ಲ. ಇನ್ನೊಂದು ದಿನ ಆಕಾಶದ ನಡುವೆ ಮಾತ್ರ ಕಪ್ಪು ಪಟ್ಟೆ ಬಂತು. ಫಿಲ್ಟರ್ ಕೆಟ್ಟಿದೆಯೇ? ನೀಲಿ ಹೆಚ್ಚಿಸುವುದನ್ನು ಕಂಪ್ಯೂಟರಿನಲ್ಲೇ ಮಾಡಿದರೆ ಸಾಲದೇ?

ಫಿಲ್ಟರ್ ಸರಿಯಾಗಿದೆ. ಮೂರು ದಿನವೂ ಅದು ತನ್ನ ಕೆಲಸವನ್ನೇ ಮಾಡಿದೆ, ನೀವು ನಿಂತ ದಿಕ್ಕು ಬದಲಾಗಿದೆ ಅಷ್ಟೇ.

ಬೆಳಕಿನ ಅಲೆ ಸಾಮಾನ್ಯವಾಗಿ ಎಲ್ಲ ದಿಕ್ಕಿನಲ್ಲೂ ಕಂಪಿಸುತ್ತದೆ. ನೀರು, ಗಾಜು, ಎಲೆಯಂಥ ಮೈಗಳಿಂದ ಓರೆಯಾಗಿ ಪುಟಿದಾಗ, ಇಲ್ಲವೇ ಗಾಳಿಯಲ್ಲಿ ಚದುರಿದಾಗ, ಒಂದು ದಿಕ್ಕಿನ ಕಂಪನ ಹೆಚ್ಚಾಗಿ ಉಳಿಯುತ್ತದೆ. ಇದೇ ಧ್ರುವೀಕರಣ. ಪೋಲರೈಸರ್ ಒಂದೇ ದಿಕ್ಕಿನ ಕಂಪನವನ್ನು ಒಳಬಿಟ್ಟು ಉಳಿದದ್ದನ್ನು ತಡೆಯುತ್ತದೆ, ಯಾವ ದಿಕ್ಕು ಎಂಬುದನ್ನು ತಿರುಗಿಸಿ ಆರಿಸಬಹುದು. ಪುಟಿದ ಬೆಳಕಿನಲ್ಲಿ ಹೀಗಾಗುತ್ತದೆ ಎಂದು ಫ್ರಾನ್ಸಿನ ಭೌತವಿಜ್ಞಾನಿ ಮಾಲ್ಯೂಸ್ ಕಂಡುಕೊಂಡದ್ದು 1808ರಲ್ಲಿ. ಪ್ಯಾರಿಸ್ಸಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಿಂದ ಪುಟಿಯುತ್ತಿದ್ದ ಬಿಸಿಲನ್ನು ಅವರು ಹರಳೊಂದರ ಮೂಲಕ ನೋಡುತ್ತಿದ್ದರು, ಹರಳು ತಿರುಗಿಸಿದಂತೆ ಆ ಬಿಂಬ ಮಂಕಾಯಿತು. ನೀವು ಫಿಲ್ಟರ್ ತಿರುಗಿಸುವಾಗ ಮಾಡುವುದೂ ಅದನ್ನೇ.

ಆಕಾಶದಲ್ಲಿ ಈ ಪರಿಣಾಮ ಅತಿ ಹೆಚ್ಚು ಇರುವುದು ಸೂರ್ಯನಿಂದ 90 ಡಿಗ್ರಿ ದೂರದ ಪಟ್ಟಿಯಲ್ಲಿ. ತೋರುಬೆರಳನ್ನು ಸೂರ್ಯನ ಕಡೆ ಚಾಚಿ, ಹೆಬ್ಬೆರಳನ್ನು ನೇರ ಅಡ್ಡಕ್ಕೆ ಹಿಡಿದು, ಮಣಿಕಟ್ಟು ತಿರುಗಿಸಿ. ಹೆಬ್ಬೆರಳು ಸವರಿಕೊಂಡು ಹೋದ ಜಾಗವೆಲ್ಲ ಕಡುನೀಲಿಯಾಗುತ್ತದೆ. ಸೂರ್ಯ ನಿಮ್ಮ ಎದುರಿಗೋ ಬೆನ್ನಿಗೋ ಇದ್ದರೆ ಎಷ್ಟು ತಿರುಗಿಸಿದರೂ ವ್ಯರ್ಥ. ಮೋಡ ಮುಸುಕಿದ ಆಕಾಶದಲ್ಲೂ ಅಷ್ಟೇ. ಇನ್ನು ಆ ಕಪ್ಪು ಪಟ್ಟೆ. ವೈಡ್ ಆ್ಯಂಗಲ್ ಲೆನ್ಸ್ ಆಕಾಶದ ಎಷ್ಟು ಅಗಲವನ್ನು ನೋಡುತ್ತದೆಂದರೆ, 90 ಡಿಗ್ರಿಯ ಪಟ್ಟಿ ಚಿತ್ರದ ನಡುವೆ ಬಂದು ಅದರ ಎರಡೂ ಬದಿ ತಿಳಿಯಾಗಿ ಉಳಿಯುತ್ತವೆ. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 24 ಮಿ.ಮೀ.ಗಿಂತ ಕಡಿಮೆ ಫೋಕಲ್ ಲೆಂಗ್ತಿನ, ಅಂದರೆ ಇನ್ನೂ ಅಗಲ ನೋಡುವ ಲೆನ್ಸುಗಳಲ್ಲಿ ನಾನಂತೂ ಆಕಾಶಕ್ಕಾಗಿ ಪೋಲರೈಸರ್ ಹಾಕುವುದಿಲ್ಲ. ಹಲವು ಚಿತ್ರ ಜೋಡಿಸುವ ಪನೋರಮಾಕ್ಕೂ ಬೇಡ.

ನಿಜ ಹೇಳಬೇಕೆಂದರೆ ನೀಲಿ ಆಕಾಶ ಈ ಫಿಲ್ಟರಿನ ಅತಿ ಸಣ್ಣ ಕೆಲಸ. ಅದನ್ನು ಕಂಪ್ಯೂಟರ್ ಕೂಡ ಮಾಡೀತು. ಕೊಳದ ಮೇಲಿನ ಹೊಳಪು ತೆಗೆದು ಅಡಿಯ ಕಲ್ಲು, ಮೀನು ತೋರಿಸುವುದನ್ನು ಯಾವ ಸಾಫ್ಟ್‌ವೇರೂ ಮಾಡಲಾರದು, ಹೊಳಪು ಮುಚ್ಚಿದ ಜಾಗದಲ್ಲಿ ಏನಿತ್ತೆಂಬ ಮಾಹಿತಿಯೇ ಚಿತ್ರದಲ್ಲಿ ಇರುವುದಿಲ್ಲವಲ್ಲ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಲ್ಲಿ, ಗಾಜಿಗಾದರೆ ಸುಮಾರು 34 ಡಿಗ್ರಿಯಲ್ಲಿ ನೋಡುವಂತೆ ನಿಂತರೆ ಹೊಳಪು ಹೆಚ್ಚುಕಡಿಮೆ ಪೂರ್ತಿ ಅಳಿಯುತ್ತದೆ. ಕೋನಮಾಪಕ ಹಿಡಿಯಬೇಕಿಲ್ಲ. ಒಂದು ಹೆಜ್ಜೆ ಮುಂದೆ ಹಿಂದೆ, ಸ್ವಲ್ಪ ಬಗ್ಗಿ ಎದ್ದು ನೋಡಿದರೆ ಆ ಜಾಗ ಸಿಗುತ್ತದೆ. ಲೋಹದ ಹೊಳಪಿನ ಮೇಲೆ ಮಾತ್ರ ಇದರ ಆಟ ನಡೆಯದು.

ನನ್ನ ಮೆಚ್ಚಿನ ಬಳಕೆ ಮಳೆ ನಿಂತ ಮೇಲೆ ಕಾಡಿನೊಳಗೆ. ಒದ್ದೆ ಎಲೆಗಳ ಮೇಲೆ ಆಕಾಶದ ಬಿಳುಪು ಕೂತಿರುತ್ತದೆ, ಫಿಲ್ಟರ್ ತಿರುಗಿಸಿದರೆ ಅದು ಜಾರಿ ಒಳಗಿನ ಹಸಿರು ಹೊರಬರುತ್ತದೆ. ಕಾಮನಬಿಲ್ಲು ಮೂಡಿದರೆ ಎಚ್ಚರ: ಅದರ ಬೆಳಕೂ ಧ್ರುವೀಕೃತ, ತಪ್ಪು ಕೋನದಲ್ಲಿ ತಿರುಗಿಸಿದರೆ ಬಿಲ್ಲೇ ಕಾಣೆಯಾಗುತ್ತದೆ. ಮುಖದ ಚಿತ್ರಗಳಲ್ಲೂ ಪೂರ್ತಿ ತಿರುಗಿಸಬೇಡಿ, ಚರ್ಮದ ಹೊಳಪೆಲ್ಲ ಹೋಗಿ ಮೇಣದ ಗೊಂಬೆಯಂತಾಗುತ್ತದೆ. ಇದು ಒಂದರಿಂದ ಎರಡು ಸ್ಟಾಪ್ ಬೆಳಕನ್ನೂ ನುಂಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು). ಕೆಲಸ ಮುಗಿದ ಮೇಲೆ ಬಿಚ್ಚಿಡಿ.

ಪ್ರಶ್ನೆ: ಮಧ್ಯಾಹ್ನದ ಬಿಸಿಲಿನಲ್ಲಿ ಜಲಪಾತವನ್ನು ರೇಷ್ಮೆಯಂತೆ ತೋರಿಸಬೇಕು. ಎಫ್/22ಕ್ಕೆ ಇಳಿಸಿದರೆ ಚಿತ್ರವೆಲ್ಲ ಮೆತ್ತಗಾಗುತ್ತದೆ. ಎನ್‌ಡಿ8, ಎನ್‌ಡಿ64, ಎನ್‌ಡಿ1000, ಯಾವುದು ಬೇಕು?

ಎಫ್ ಅಂಕಿ ಹೆಚ್ಚಿದಷ್ಟೂ ಲೆನ್ಸಿನ ಗಂಡಿ ಕಿರಿದು. ಎಫ್/22ರ ಕಿರುಗಂಡಿಯಲ್ಲಿ ನುಸುಳುವಾಗ ಬೆಳಕು ಅಂಚಿನಲ್ಲಿ ಬಾಗಿ ಹರಡುತ್ತದೆ, ಅದಕ್ಕೇ ಆ ಮೆತ್ತಗೆ. ಎಫ್/8 ಅಥವಾ ಎಫ್/11ರಲ್ಲೇ ಇರಿ.

ನೀರು ರೇಷ್ಮೆಯಾಗಲು ಶಟರ್ ಹೆಚ್ಚು ಹೊತ್ತು ತೆರೆದಿರಬೇಕು, ಅದಕ್ಕಾಗಿ ಬಣ್ಣ ಬದಲಿಸದೆ ಬೆಳಕನ್ನಷ್ಟೇ ತಗ್ಗಿಸುವ ಕಪ್ಪು ಗಾಜು ಎನ್‌ಡಿ. ಹೆಸರಿನ ಅಂಕಿಯೇ ಲೆಕ್ಕ ಹೇಳುತ್ತದೆ. ಎನ್‌ಡಿ8 ಬೆಳಕನ್ನು ಎಂಟರಲ್ಲೊಂದು ಪಾಲಿಗೆ ಇಳಿಸುತ್ತದೆ, ಅಂದರೆ 3 ಸ್ಟಾಪ್. ಎನ್‌ಡಿ64 ಆರು ಸ್ಟಾಪ್, ಎನ್‌ಡಿ1000 ಹತ್ತು. ಫಿಲ್ಟರ್ ಇಲ್ಲದೆ ಬಂದ ಶಟರ್ ವೇಗವನ್ನು ಆ ಅಂಕಿಯಿಂದ ಗುಣಿಸಿದರಾಯಿತು. ಸುಡುಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಎಫ್/11 ಇಟ್ಟರೆ ಶಟರ್ ಸುಮಾರು 1/200 ಸೆಕೆಂಡ್. ಎನ್‌ಡಿ8 ಹಾಕಿದರೆ 1/25, ನೀರಿಗೆ ಏನೂ ಸಾಲದು. ಎನ್‌ಡಿ64 ಹಾಕಿದರೆ ಸುಮಾರು ಮೂರರಲ್ಲೊಂದು ಸೆಕೆಂಡ್. ಎನ್‌ಡಿ1000ಕ್ಕೆ 5 ಸೆಕೆಂಡ್. ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನೊಳಗೆ ನೀರು ಎಳೆ ಎಳೆಯಾಗಿ ಕಾಣುತ್ತದೆ, ಅದರ ರಭಸ ಉಳಿಯುತ್ತದೆ. ಐದು ಸೆಕೆಂಡ್ ದಾಟಿದರೆ ಬರೀ ಹೊಗೆ. ಹಲವರಿಗೆ ಅದೇ ಇಷ್ಟ, ನನಗಲ್ಲ. ಒಂದನ್ನೇ ಕೊಳ್ಳುವುದಾದರೆ ಎನ್‌ಡಿ64.

ಟ್ರೈಪಾಡ್ ಬೇಕೇಬೇಕು. ಫಿಲ್ಟರ್ ಹಾಕುವ ಮುನ್ನ ಫೋಕಸ್ ಮಾಡಿ ಮ್ಯಾನುಯಲ್‌ಗೆ ಬದಲಿಸಿ, ಕಡುಗಪ್ಪು ಗಾಜಿನ ಹಿಂದೆ ಆಟೊಫೋಕಸ್ ತಡಕಾಡುತ್ತದೆ. ಕನ್ನಡಿ ಇರುವ ಡಿಎಸ್‌ಎಲ್‌ಆರ್ ಆಗಿದ್ದರೆ ಹಿಂದಿನ ವ್ಯೂಫೈಂಡರನ್ನೂ ಮುಚ್ಚಿ, ಅಲ್ಲಿಂದ ನುಗ್ಗುವ ಬೆಳಕು ಲೆಕ್ಕ ಕೆಡಿಸುತ್ತದೆ. ತಿರುಗಿಸಿ ಕಪ್ಪು ಹೆಚ್ಚಿಸುವ ವೇರಿಯಬಲ್ ಎನ್‌ಡಿ ಎಂದರೆ ಎರಡು ಪೋಲರೈಸರುಗಳ ಜೋಡಿ, ಅಗಲ ಲೆನ್ಸಿನಲ್ಲಿ ಕೊನೆಯವರೆಗೆ ತಿರುಗಿಸಿದರೆ ಚಿತ್ರದ ಮೇಲೆ ಗುಣಾಕಾರ ಚಿಹ್ನೆಯಂಥ ಕಪ್ಪು ನೆರಳು ಬೀಳುತ್ತದೆ. ಫಿಲ್ಟರೇ ಇಲ್ಲವೇ? ಟ್ರೈಪಾಡಿನ ಮೇಲಿಟ್ಟು ಇಪ್ಪತ್ತು ಮೂವತ್ತು ಚಿತ್ರ ತೆಗೆದು, ಸಾಫ್ಟ್‌ವೇರಿನಲ್ಲಿ ಅವುಗಳ ಸರಾಸರಿ ಮಾಡಿ. ನೀರು ತಾನಾಗಿ ನಯವಾಗುತ್ತದೆ.

ಪ್ರಶ್ನೆ: ನನ್ನ ಮೂರು ಲೆನ್ಸುಗಳ ಮೇಲೆ 52, 58, 67 ಎಂದಿದೆ. ಮೂರಕ್ಕೂ ಬೇರೆ ಬೇರೆ ಫಿಲ್ಟರ್ ಕೊಳ್ಳಬೇಕೇ?

ಬೇಡ. 67 ಮಿ.ಮೀ.ಯದೊಂದು ಕೊಂಡು, ಉಳಿದೆರಡಕ್ಕೆ ಸ್ಟೆಪ್-ಅಪ್ ರಿಂಗ್ (ಸಣ್ಣ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ) ಹಾಕಿ. ಸಣ್ಣ ಫಿಲ್ಟರನ್ನು ದೊಡ್ಡ ಲೆನ್ಸಿಗೆ ಹಾಕಿದರೆ ಮೂಲೆಗಳು ಕಪ್ಪಾಗುತ್ತವೆ. ವ್ಯಾಸದ ಚಿಹ್ನೆಯ ಪಕ್ಕದ ಅಂಕಿಯನ್ನೇ ನೋಡಿ, ಫೋಕಲ್ ಲೆಂಗ್ತ್ ಕೂಡ ಮಿ.ಮೀ.ನಲ್ಲೇ ಇರುವುದರಿಂದ ತಪ್ಪುವವರು ಬಹಳ. ಫಿಲ್ಟರ್ ಬಿಗಿಯಾಗಿ ಕಚ್ಚಿಕೊಂಡರೆ ಹಿಸುಕಬೇಡಿ, ಬಳೆ ಅಂಡಾಕಾರವಾಗಿ ಇನ್ನೂ ಕಚ್ಚುತ್ತದೆ. ಸುತ್ತ ಅಗಲ ರಬ್ಬರ್ ಬ್ಯಾಂಡ್ ಹಾಕಿ ಹಗುರವಾಗಿ ತಿರುಗಿಸಿ.

ಪ್ರಶ್ನೆ: ಕ್ಯಾಮೆರಾ ಜೊತೆ ಬಂದ 18-55 ಲೆನ್ಸ್ ಇದೆ. ಮನೆಯೊಳಗೆ ಮಕ್ಕಳ ಚಿತ್ರವೆಲ್ಲ ಅಲುಗಿದಂತೆ ಬರುತ್ತದೆ. ಮುಂದಿನ ಲೆನ್ಸ್ 55-250 ಜೂಮ್ ಆಗಲೇ, 50 ಎಫ್/1.8 ಆಗಲೇ?

ನಿಮ್ಮ ತೊಂದರೆ ದೂರದ್ದಲ್ಲ, ಬೆಳಕಿನದು. ಜೂಮ್ ಅದನ್ನು ಇನ್ನಷ್ಟು ಹದಗೆಡಿಸುತ್ತದೆ.

55 ಮಿ.ಮೀ. ತುದಿಯಲ್ಲಿ ನಿಮ್ಮ ಲೆನ್ಸ್ ಎಫ್/5.6ಕ್ಕಿಂತ ಹೆಚ್ಚು ತೆರೆಯದು. ಎಫ್/1.8 ಅದರ ಸುಮಾರು ಹತ್ತರಷ್ಟು ಬೆಳಕು ಒಳಬಿಡುತ್ತದೆ. 1/15 ಸೆಕೆಂಡಿನಲ್ಲಿ ಅಲುಗುತ್ತಿದ್ದ ಚಿತ್ರ 1/150ರಲ್ಲಿ ಸಿಗುತ್ತದೆ. ಆದರೆ ನಿಮ್ಮಂಥ ಕ್ಯಾಮೆರಾಗಳಲ್ಲಿರುವ, ಫುಲ್ ಫ್ರೇಮಿಗಿಂತ ಸಣ್ಣ ಎಪಿಎಸ್-ಸಿ ಸೆನ್ಸರಿನಲ್ಲಿ 50ರ ಲೆನ್ಸ್ ಫುಲ್ ಫ್ರೇಮಿನ 75 ಅಥವಾ 80 ಮಿ.ಮೀ.ನಷ್ಟು ಕಿರಿದಾಗಿ ನೋಡುತ್ತದೆ. ಸಣ್ಣ ಕೋಣೆಯಲ್ಲಿ ಹಿಂದೆ ಸರಿದು ಸರಿದು ಗೋಡೆಗೆ ಬೆನ್ನು ತಾಗುತ್ತದೆ. ಕೊಳ್ಳುವ ಮುನ್ನ ಒಂದು ವಾರ ನಿಮ್ಮ 18-55ನ್ನು 35ಕ್ಕೆ ಇಟ್ಟು, ಮುಟ್ಟದೆ ಬಳಸಿ. ಆಮೇಲೆ 50ಕ್ಕೆ. ಯಾವುದರಲ್ಲಿ ಕಡಿಮೆ ಪೇಚಾಡಿದಿರೋ ಅದೇ ನಿಮ್ಮ ಲೆನ್ಸ್. ಎಫ್/1.8ರಲ್ಲಿ ಹತ್ತಿರದಿಂದ ತೆಗೆದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಎಫ್/2.8ಕ್ಕೆ ಇಳಿಸಿ ಅಭ್ಯಾಸ ಮಾಡಿ.

ಪ್ರಶ್ನೆ: ಬಹಳ ದಿನ ಚೀಲದಲ್ಲೇ ಇದ್ದ ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆಗಳು ಕಾಣುತ್ತಿವೆ. ಒರೆಸಿದರೂ ಹೋಗುತ್ತಿಲ್ಲ.

ಬೂಷ್ಟು. ಅದು ಒಳಗಿನ ಗಾಜಿನ ಮೇಲಿದೆ, ಹೊರಗೆ ಒರೆಸಿ ಫಲವಿಲ್ಲ. ಅದು ಬಿಡುವ ಆಮ್ಲ ಲೇಪನವನ್ನು ತಿನ್ನುತ್ತಾ ಹೋಗುವುದರಿಂದ ಬೇಗ ಬಿಚ್ಚಿ ತೊಳೆಯುವವರ ಕೈಗೆ ಕೊಡಿ. ಸ್ವಲ್ಪವೇ ಇದ್ದರೆ ಚಿತ್ರದಲ್ಲಿ ಬೇಗ ತಿಳಿಯದು, ಬೆಳಕಿಗೆ ಎದುರಾಗಿ ತೆಗೆದಾಗ ಮಾತ್ರ ಮಬ್ಬು. ಮುಚ್ಚಿದ ಚೀಲದ ಕತ್ತಲೆ, ತೇವ, ನಿಂತ ಗಾಳಿ ಮೂರೂ ಅದಕ್ಕೆ ಹಬ್ಬ. ಬಿಗಿ ಮುಚ್ಚಳದ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ಮಾಪಕದಲ್ಲಿ 40ರಿಂದ 50 ಶೇಕಡ. ಎಲ್ಲಕ್ಕಿಂತ ಒಳ್ಳೆಯದು, ಲೆನ್ಸನ್ನು ಆಗಾಗ ಹೊರಗೆ ತೆಗೆದು ಬಳಸುವುದು.

ಪ್ರಶ್ನೆ: ಎನ್‌ಡಿ1000 ಇದೆ. ಅದರಲ್ಲಿ ಸೂರ್ಯಗ್ರಹಣ ತೆಗೆಯಬಹುದೇ?

ಖಂಡಿತ ಬೇಡ. ಗ್ರಹಣದ ಫಿಲ್ಟರ್ ಬೆಳಕನ್ನು ಲಕ್ಷದಲ್ಲೊಂದು ಪಾಲಿಗೆ ಇಳಿಸಬೇಕು, ನಿಮ್ಮದು ಸಾವಿರದಲ್ಲೊಂದು ಪಾಲಿಗೆ ಮಾತ್ರ. ಕಣ್ಣಿಗೆ ಕಾಣದ ಅವಕೆಂಪು ಶಾಖವನ್ನು ಸಾಮಾನ್ಯ ಎನ್‌ಡಿ ಎಷ್ಟು ತಡೆಯುತ್ತದೆಂಬ ಭರವಸೆಯೂ ಇಲ್ಲ. ಡಿಎಸ್‌ಎಲ್‌ಆರ್ ವ್ಯೂಫೈಂಡರಿನಲ್ಲಿ ಕಣ್ಣಿಟ್ಟರೆ ಲೆನ್ಸು ಬಿಸಿಲನ್ನು ನೇರ ನಿಮ್ಮ ರೆಟಿನಾ ಮೇಲೆ ಕೂಡಿಸುತ್ತದೆ, ಅಲ್ಲಿ ಸುಟ್ಟರೆ ಆ ಹೊತ್ತಿಗೆ ನೋವೂ ತಿಳಿಯುವುದಿಲ್ಲ. ಸೂರ್ಯನಿಗೆಂದೇ ಮಾಡಿದ ಫಿಲ್ಟರನ್ನು ಲೆನ್ಸಿನ ಮುಂದೆ ಹಾಕಿ, ಹಿಂದೆ ಅಲ್ಲ. ಚಿತ್ರವನ್ನು ಪರದೆಯಲ್ಲೇ ನೋಡಿ. ಫಿಲ್ಟರ್ ತೆಗೆಯಬಹುದಾದದ್ದು ಪೂರ್ಣಗ್ರಹಣದಲ್ಲಿ ಸೂರ್ಯ ಪೂರ್ತಿ ಮುಚ್ಚಿದ ಆ ಕೆಲವೇ ನಿಮಿಷ. ಹಾಳೆಯಂಥ ಫಿಲ್ಟರ್ ಆಗಿದ್ದರೆ ಅಂಚಿಗೆ ಟೇಪ್ ಅಂಟಿಸಿ, ಗಾಳಿ ಬಂದರೆ ಹಾರಿಹೋಗುತ್ತದೆ.